ಮಾಮನ ಹಳದಿ ಸೀರೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿಟ್ಟು ಹೋದರು. ಹೇಳಿದವರು ಜವಳಿ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲವೆಂದು ನನ್ನ ಗುಮಾನಿ. ಬಿಳಿಯ ಗಾದಿಯ ಅಂಚಿಗೆ ಕುಳಿತು, ಮಡಿಲಲ್ಲಿ ನಾಲ್ಕು ಚೀಲ ಇಟ್ಟುಕೊಂಡು, ಐದು ತಾಸು ಕಣ್ಣ ಮುಂದೆ ಸೀರೆ ಬಿಚ್ಚುವುದನ್ನೂ ಮಡಿಸುವುದನ್ನೂ ನೋಡಿದ್ದರೆ ಆ ಗಾದೆಗೆ ಮೂರನೆಯದೊಂದು ತುಂಡನ್ನು ಸೇರಿಸದೆ ಬಿಡುತ್ತಿರಲಿಲ್ಲ.

ಕಳೆದ ಮಾಘಮಾಸದಲ್ಲಿ ಆ ಸುಯೋಗ ನನಗೆ ಒದಗಿ ಬಂದಿತು. ಅಕ್ಕನ ಮಗಳ ಲಗ್ನ ನಿಶ್ಚಯವಾಗಿತ್ತು. ವರನು ಸಾತಾರೆಯ ಕಡೆಯವನು, ಮರಾಠಿಗರ ಮನೆ. ಹುಡುಗ ಹುಡುಗಿ ಒಂದೇ ಕಚೇರಿಯಲ್ಲಿ ಕೆಲಸ ಮಾಡುವವರು. ಅವರು ಒಪ್ಪಿಕೊಂಡ ಮೇಲೆ ಹಿರಿಯರಾದ ನಾವು ಒಪ್ಪಿದೆವು. ಈಗಿನ ಕಾಲದಲ್ಲಿ ಹಿರಿಯರಿಗೆ ಇಷ್ಟಾದರೂ ಕೆಲಸ ಉಳಿದಿದೆಯೆಂಬುದೇ ಸಮಾಧಾನ.

ಧನಕವಡಿಯನ್ನು ಕಾಣದ ವಾಚಕರಿಗೆ ಎರಡು ಮಾತು ಹೇಳಬೇಕು. ಅದು ಪುಣೆಯ ದಕ್ಷಿಣದ ಕಡೆಗೆ, ಕಾತ್ರಜ ಘಟ್ಟ ಇಳಿದು ಬರುವ ಸಾತಾರಾ ರಸ್ತೆಯ ಮಗ್ಗುಲಿಗೆ ಇರುವ ಊರು. ಊರೆನ್ನುವುದು ಹಳೆಯ ರೂಢಿಯಿಂದ. ಈಗ ಅದು ಮಹಾನಗರದ ಹೊಟ್ಟೆಯೊಳಗೆ ಸೇರಿದೆ. ಒಂದು ಕಡೆ ಭಾರತಿ ವಿದ್ಯಾಪೀಠದ ಕಟ್ಟಡಗಳು, ಇನ್ನೊಂದು ಕಡೆ ಶಂಕರ ಮಹಾರಾಜರ ಮಠ, ನಡುವೆ ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಮನೆಗಳು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಹಾದಿ ಪುಣೆಯನ್ನು ಮುಟ್ಟುವುದು ಈ ದಿಕ್ಕಿನಿಂದಲೇ. ಹೊಟ್ಟೆಯ ಪಾಡಿಗೆ ಊರು ಬಿಟ್ಟು ಬಂದ ನಮ್ಮ ಕಡೆಯ ಜನ ಎಲ್ಲಿ ಬಸ್ಸಿನಿಂದ ಇಳಿದರೋ ಅಲ್ಲಿಯೇ ಕೋಣೆ ಹುಡುಕಿದರು. ಬೇಕೆಂದಾಗ ಮತ್ತೆ ಅದೇ ಬಸ್ಸು ಹತ್ತಲು ಅನುಕೂಲವಲ್ಲವೇ! ನಮ್ಮ ಅಕ್ಕ 1991ರಲ್ಲಿ ಲಗ್ನವಾಗಿ ಹುನಗುಂದದಿಂದ ಇಲ್ಲಿಗೆ ಬಂದಳು. ಆಗ ಹುನಗುಂದ ವಿಜಾಪುರ ಜಿಲ್ಲೆಯಲ್ಲಿತ್ತು, ಬಾಗಲಕೋಟೆ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ನಾಲ್ಕು ವರ್ಷಕ್ಕೆ ನಾನೂ ಓದುವ ನೆಪದಿಂದ ಅವಳ ಬೆನ್ನ ಹಿಂದೆ ಬಂದು, ಅವಳ ಒಂದೂವರೆ ಕೋಣೆಯ ಮನೆಯಲ್ಲಿ ಅರ್ಧ ಕೋಣೆಯನ್ನು ಆಕ್ರಮಿಸಿದೆ.

ಇರಲಿ, ಜವಳಿಯ ವಿಷಯಕ್ಕೆ ಬರೋಣ.

ಲಗ್ನದ ಬಟ್ಟೆ ಖರೀದಿಗೆ ಮರಾಠಿಯಲ್ಲಿ ‘ಬಸ್ತಾ’ ಎನ್ನುತ್ತಾರೆ. ಎರಡೂ ಕಡೆಯ ಬೀಗರು ಕೂಡಿಯೇ ಹೋಗುವುದು ಅವರ ಪದ್ಧತಿ. ಮಧುಮಗಳ ಮುಖ್ಯ ಸೀರೆಗೆ ಊರಿಗೊಂದು ಹೆಸರು. ಮೈಸೂರು ಸೀಮೆಯವರಿಗೆ ಅದು ಧಾರೆ ಸೀರೆ, ನಮ್ಮ ಕಡೆ ಅಕ್ಕಿಕಾಳಿನ ಹೊತ್ತಿಗೆ ಉಡುವ ಸೀರೆ, ಇಲ್ಲಿಯವರಿಗೆ ಶಾಲು. ಶಾಲು ಎಂದೊಡನೆ ಸಭೆಯಲ್ಲಿ ಹೆಗಲಿಗೆ ಹೊದಿಸುವ ಶಾಲೆಂದು ನಮ್ಮ ಭಾವನವರು ತಿಳಿದು, “ಚಳಿಗಾಲ ಮುಗೀತಲ್ಲ, ವೈಶಾಖದಾಗ ಯಾಕ?” ಎಂದು ಕೇಳಿ ನಗೆಗೀಡಾದರು. ಅದು ಬನಾರಸದ ತುಂಬು ಜರಿಯ ಸೀರೆ. ವರನ ಕಡೆಯವರು ಕೊಡತಕ್ಕದ್ದು. ಅದಕ್ಕೂ ಮೊದಲು, ಗೌರೀಹರ ಪೂಜೆಗೆ ಕೂಡುವಾಗ, ಹುಡುಗಿ ಹಳದಿ ಸೀರೆ ಉಡಬೇಕು. ಅದನ್ನು ತರುವವನು ಸೋದರಮಾವ. ಮಂಟಪಕ್ಕೆ ಹುಡುಗಿಯನ್ನು ಕರೆತರುವವನೂ ಅವನೇ.

ಬೀಗಿತ್ತಿ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ಎದೆ ಉಬ್ಬಿತು. ಇಷ್ಟು ದಿನ ನಾನು ಚೀಲ ಹೊರುವ ಮಾಮನೆಂದೇ ತಿಳಿದುಕೊಂಡಿದ್ದೆ.

ಒಂದು ಶನಿವಾರ ಮುಂಜಾನೆ ಹೊರಟೆವು. ಧನಕವಡಿಯಿಂದ ಸ್ವಾರಗೇಟಿಗೆ ಬಸ್ಸು, ಅಲ್ಲಿಂದ ನೆಲದೊಳಗಿನ ಮೆಟ್ರೋ. 2024ರ ಸಪ್ಟಂಬರದಿಂದ ಅದು ಸ್ವಾರಗೇಟಿಗೂ ಬಂದಿದೆ. ಒಂದೇ ನಿಲ್ದಾಣ ಹೋದರೆ ಮಂಡಯಿ. ಮೇಲೆ ಬಂದರೆ ಕಾಯಿಪಲ್ಲೆಯ ಹಳೆಯ ಪೇಟೆ, ಅದನ್ನು ದಾಟಿದರೆ ತುಳಶೀಬಾಗ, ಅದನ್ನೂ ದಾಟಿದರೆ ಲಕ್ಷ್ಮೀ ರಸ್ತೆ. ‘ದಾಟಿದರೆ’ ಎಂಬುದನ್ನು ವಾಚಕರು ಗಮನಿಸಬೇಕು. ತುಳಶೀಬಾಗದ ನಡುವೆ ರಾಮನ ಗುಡಿಯಿದೆ, ಪೇಶವೆಯರ ಕಾಲದ್ದು; ಸುತ್ತಲೂ ಬಳೆ, ಕುಂಕುಮದ ಭರಣಿ, ಹಿತ್ತಾಳೆಯ ಆರತಿ, ಕೂದಲ ಪಿನ್ನು, ಚಮಚೆ, ಮಣೆ. ನನ್ನ ಗಡಿಯಾರದಲ್ಲಿ ಅದನ್ನು ದಾಟಲು ಒಂದು ತಾಸು ಹತ್ತು ನಿಮಿಷ ಹಿಡಿಯಿತು. ದಾಟುವ ಹೊತ್ತಿಗೆ ಎರಡು ಚೀಲ ತುಂಬಿದ್ದುವು. ಸೀರೆಯನ್ನು ಇನ್ನೂ ಕಣ್ಣಿನಿಂದ ಕಂಡಿರಲಿಲ್ಲ.

ಬೀಗಿತ್ತಿಯವರು ಅಂಗಡಿಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದರು. ಗಟ್ಟಿ ಹೆಂಗಸು, ಗಟ್ಟಿ ದನಿ, ಸಾತಾರೆಯಲ್ಲಿ ಮೂವತ್ತು ವರ್ಷ ಶಾಲೆ ಕಲಿಸಿದವರು. ನಮ್ಮಕ್ಕನಿಗೆ ಅವರೆದುರು ಸ್ವಲ್ಪ ಅಳುಕು. ಮೂವತ್ತೈದು ವರ್ಷ ಪುಣೆಯಲ್ಲಿದ್ದರೂ ಅವಳ ಮರಾಠಿ ಕಾಯಿಪಲ್ಲೆಯ ಗಾಡಿಯ ಮುಂದೆ ಓಡುವಷ್ಟು ಚೆನ್ನಾಗಿ ಬೀಗರ ಮುಂದೆ ಓಡುವುದಿಲ್ಲ.

ಶಾಲು ಬೇಡ, ಪೈಠಣಿ ಬೇಕೆಂದು ಹುಡುಗಿ ಮೊದಲೇ ಹೇಳಿದ್ದಳು. ಈಗಿನ ಹುಡುಗಿಯರ ಒಲವು ಅದಕ್ಕೇ ಹೆಚ್ಚು. ಗೋದಾವರಿಯ ದಂಡೆಯ ಪೈಠಣ ಶಾತವಾಹನರ ರಾಜಧಾನಿಯಾಗಿದ್ದ ಪ್ರತಿಷ್ಠಾನ. ಈಗ ಈ ನೇಯ್ಗೆ ಪೈಠಣದಲ್ಲೂ ನಾಸಿಕ ಜಿಲ್ಲೆಯ ಯೇವಲೆಯಲ್ಲೂ ನಡೆದಿದೆ. ಕಾವೇರಿಯಿಂದ ಗೋದಾವರಿಯ ತನಕ ಕನ್ನಡ ನಾಡೆಂದು ‘ಕವಿರಾಜಮಾರ್ಗ’ ಹೇಳುತ್ತದಷ್ಟೆ. “ಹಂಗಂದಮ್ಯಾಲೆ ಪೈಠಣೀನೂ ನಮ್ಮ ಸೀರೀನs ಆತು” ಎಂದು ಭಾವನವರು ನನ್ನ ಕಿವಿಯಲ್ಲಿ ಹೇಳಿದರು. ಬಿಲ್ಲು ಬೀಗರು ಕೊಡುವಾಗ ಗಡಿಯ ವಾದ ಬೇಡವೆಂದು ನಾನು ಅವರ ಕೈ ಅದುಮಿದೆ.

ಮೊದಲು ಹೊಕ್ಕ ಅಂಗಡಿಯಲ್ಲಿ ಒಬ್ಬ ಹುಡುಗ ನವಿಲುಗಳು ತುಂಬಿದ ಸೆರಗನ್ನು ಹರಡಿ, ಕೈಮಗ್ಗದ್ದು ಎಂದು ಆಣೆ ಇಟ್ಟು ಹೇಳಿದ. ಬೆಲೆ ಮೂವತ್ತೆರಡು ಸಾವಿರ. ಹುಡುಗಿಯ ಕಣ್ಣು ಅದರಲ್ಲಿ ನೆಟ್ಟುಹೋಯಿತು. ಬೀಗಿತ್ತಿಯವರು ಒಂದು ಮಾತನ್ನೂ ಆಡದೆ ಸೆರಗಿನ ತುದಿ ಹಿಡಿದು ಮಗುಚಿದರು. ಹಿಂದೆಲ್ಲ ದಾರಗಳು ಅಡ್ಡಾದಿಡ್ಡಿಯಾಗಿ ಜೋತಾಡುತ್ತಿದ್ದುವು. ಇಲ್ಲಿ ನಾನು ಕಲಿತದ್ದನ್ನು ವಾಚಕ ಭಗಿನಿಯರಿಗೂ ಹೇಳಬೇಕು. ಕೈಯಿಂದ ನೇಯ್ದ ಪೈಠಣಿಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪುಟ್ಟ ಕಂಡಿಕೆ; ನವಿಲಿನ ಕತ್ತಿನ ಹಸಿರು ಕತ್ತು ಮುಗಿದಲ್ಲಿಯೇ ತಿರುಗಿ ಪಕ್ಕದ ಬಣ್ಣದೊಡನೆ ಹೆಣೆದುಕೊಳ್ಳುತ್ತದೆ, ಹಿಂದಿನಿಂದ ಹಾರಿ ಹೋಗುವುದಿಲ್ಲ. ಆದುದರಿಂದ ಹಿಂದೆ ಮುಂದೆ ಚಿತ್ರ ಒಂದೇ ಬಗೆಯಾಗಿ ಕಾಣಬೇಕು. ಯಂತ್ರದ ಮಗ್ಗದಲ್ಲಿ ದಾರ ಹಿಂದೆ ಹಾರುತ್ತದೆ. ಯಂತ್ರದ ಸೀರೆ ಉಡಲು ಯೋಗ್ಯವಲ್ಲವೆಂದು ನಾನು ಹೇಳುವುದಿಲ್ಲ. ಅದನ್ನು ಯಂತ್ರದ ಬೆಲೆಗೆ ಕೊಳ್ಳಬೇಕು. ಹುಡುಗ ತಲೆ ಕೆರೆದುಕೊಂಡ. ನಾವು ಎದ್ದೆವು.

ಎರಡನೆಯ ಅಂಗಡಿ ಹಳೆಯದು. ಗಾದಿಯ ಮೇಲೆ ಎಪ್ಪತ್ತು ದಾಟಿದ ಯಜಮಾನರೊಬ್ಬರು ಕುಳಿತಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಹಣವೆಂದಲ್ಲ, ಲಗ್ನ ಮುಂಜಾನೆಯೋ ಸಂಜೆಯೋ ಎಂದು. ವೈಶಾಖದ ಮಧ್ಯಾಹ್ನದ ಮುಹೂರ್ತವೆಂದಾಗ ಎರಡು ತೂಕದ ಸೀರೆಗಳನ್ನು ಪಕ್ಕಕ್ಕೆ ಸರಿಸಿ, “ಹುಡುಗಿ ಉಸಿರಾಡಬೇಕಲ್ಲವೇ?” ಎಂದರು. ನನಗೆ ಆ ಮನುಷ್ಯರ ಮೇಲೆ ಆಗಲೇ ವಿಶ್ವಾಸ ಹುಟ್ಟಿತು.

ಅವರ ಕಡೆಗೇ ಯೇವಲೆಯ ಪೈಠಣಿ ಆಯಿತು. ಗಿಳಿಹಸಿರು ಮೈ, ಕೆಂಪು ಅಂಚು, ಸೆರಗಿನಲ್ಲಿ ಕಮಲ. ಮಗುಚಿ ನೋಡಿದೆವು, ರೇಷ್ಮೆಯ ಗುರುತಿನ ಚೀಟಿ ಇದೆಯೇ ಎಂದು ಹುಡುಗಿ ನೋಡಿದಳು. ಕೇಂದ್ರ ರೇಷ್ಮೆ ಮಂಡಳಿಯವರು 2004ರಿಂದ ಈ ‘ಸಿಲ್ಕ್ ಮಾರ್ಕ್’ ಪದ್ಧತಿ ನಡೆಸಿದ್ದಾರೆ. ಚೀಟಿ ಇಲ್ಲದಿದ್ದಾಗ ಹಿಂದಿನವರು ಮಾಡುತ್ತಿದ್ದ ಪರೀಕ್ಷೆ ಈಗಲೂ ಕೆಟ್ಟಿಲ್ಲ: ಸೆರಗಿನ ಕೊನೆಯ ಒಂದೆರಡು ಎಳೆ ಕಿತ್ತು ಸುಡುವುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ಆಮೇಲೆ ಆಹೇರಿನ ಸೀರೆಗಳು. ಒಟ್ಟು ಇಪ್ಪತ್ತಾರು, ಪಟ್ಟಿ ಮಾಡಿಕೊಂಡು ಬಂದದ್ದು. ಆ ಇಪ್ಪತ್ತಾರರ ಕಥೆಯನ್ನು ಬರೆದರೆ ಈ ಪತ್ರಿಕೆಯ ಮುಂದಿನ ಸಂಚಿಕೆಗೂ ಸಾಲದು, ಬಿಡುತ್ತೇನೆ. ನಾರಾಯಣಪೇಟೆಯ ಸೀರೆ ಬಂದಾಗ ಭಾವನವರು, “ನಾರಾಯಣ ಪೇಟೆ ಇಲ್ಲೇ ನಾಕ ಹೆಜ್ಜಿ ಮ್ಯಾಲಲ್ಲ, ಅಲ್ಲೇ ಹೋಗಿ ತೊಗೊಂಡ್ರ ಸೋವಿ ಆಗತಾವ” ಎಂದದ್ದನ್ನು ಮಾತ್ರ ದಾಖಲಿಸುತ್ತೇನೆ. ಆ ಸೀರೆಯ ಊರು ಪುಣೆಯ ಪೇಟೆಯಲ್ಲ. ರಾಯಚೂರಿನ ಆಚೆ, ಈಗಿನ ತೆಲಂಗಾಣದಲ್ಲಿದೆ.

ಇಷ್ಟೆಲ್ಲ ಮುಗಿದು, ಚಹಾ ಬಂದು, ನನ್ನ ಹಳದಿ ಸೀರೆಯ ಸರದಿ ಬರುವುದರೊಳಗೆ ಬೀಗಿತ್ತಿಯವರು ಸಹಜವಾಗಿ ಒಂದು ಮಾತು ಕೇಳಿದರು: “ಪೂಜೆಗೆ ಮಾಮನ ಹಳದಿಯದಾಯಿತು, ಅಕ್ಷತೆಗೆ ನಮ್ಮ ಪೈಠಣಿಯಾಯಿತು. ಸಂಜೆಯ ಸಮಾರಂಭಕ್ಕೆ ಮತ್ತೇಕೆ ಹೊಸದು? ನಮ್ಮ ಮನೆಯಲ್ಲಿ ತಾಯಿಯ ಲಗ್ನದ ಸೀರೆಯನ್ನು ಮಗಳು ಉಡುವ ರೂಢಿ. ನಾನು ನನ್ನ ಅವ್ವನದನ್ನು ಉಟ್ಟಿದ್ದೆ. ವಹಿನೀ, ನಿಮ್ಮದು ಯಾವ ಬಣ್ಣದ್ದು?”

ಅಕ್ಕ ಚಹಾದ ಬಟ್ಟಲನ್ನು ಕೆಳಗಿಟ್ಟಳು.

ಹುಡುಗಿಯೇ ಹೇಳಿದಳು: “ಕೆಂಪಂದು, ಧರ್ಮಾವರದ್ದು. ಫೋಟೋದಾಗ ಐತಿ. ಹುನಗುಂದದಾಗ ಆಯಿ ಟ್ರಂಕಿನ್ಯಾಗ ಇಟ್ಟಾರಂತ. ನಾ ಎಷ್ಟ ಸಲ ಕೇಳೀನಿ, ತಂದs ಇಲ್ಲ ಅವ್ವ.”

ನನಗೆ ಮೈ ಬೆವೆತಿತು. ಆ ಸೀರೆ ಟ್ರಂಕಿನಲ್ಲಿ ಇಲ್ಲವೆಂಬುದು ನನಗೆ ಗೊತ್ತು. ನಮ್ಮ ಅಪ್ಪ ಅದನ್ನು ಹುಬ್ಬಳ್ಳಿಯಿಂದ ತಂದಿದ್ದ. ಬಸ್ಸಿನಲ್ಲಿ ಅರ್ಧ ತಾಸಿನ ಹಾದಿಗೆ ಇಳಕಲ್ಲು ಇರುವಾಗ, “ಇಳಕಲ್ ಸೀರಿ ದಿನಾ ಉಡೂದು, ಮೊದಲ ಮಗಳ ಲಗ್ನಕ್ಕ ಅದ್ಯಾಕ” ಎಂದು ಹಟ ಹಿಡಿದು, ಜೋಳ ಮಾರಿದ ಹಣವನ್ನೆಲ್ಲ ಅದಕ್ಕೆ ಸುರಿದಿದ್ದ. 1997ರಲ್ಲಿ ಭಾವನವರ ಕಾರಖಾನೆಗೆ ಏಳು ತಿಂಗಳು ಬೀಗ ಬಿದ್ದಿತು. ಆಗ ಧನಕವಡಿಯ ಗಲ್ಲಿಗಳಲ್ಲಿ ಹಳೆಯ ಜರಿಯ ಸೀರೆ ಕೊಳ್ಳುವವರು ಕೂಗುತ್ತ ಬರುತ್ತಿದ್ದರು. ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಎಲ್ಲ ಊರಿಗೂ ಬರುತ್ತಾರೆ. ಇವರ ವ್ಯಾಪಾರ ಬೇರೆ. ಸೀರೆಯನ್ನು ಸುಟ್ಟು ಜರಿಯೊಳಗಿನ ಬೆಳ್ಳಿ ತೆಗೆಯುತ್ತಾರೆ. ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಮನೆಯಲ್ಲಿ ಹೊಸ ಸ್ಟೀಲಿನ ಪರಾತವೊಂದಿತ್ತು, ಗಳದ ಮೇಲಿನ ಗಂಟು ಇರಲಿಲ್ಲ. ಅಕ್ಕ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತಿಗೂ ಅವಳು ರೊಟ್ಟಿಯ ಹಿಟ್ಟು ನಾದುವುದು ಆ ಪರಾತದಲ್ಲಿಯೇ.

ಅಕ್ಕನ ಮಾನ ಕಾಯುವುದು ತಮ್ಮನ ಧರ್ಮವೆಂದು ನಾನು ಸುಳ್ಳಿಗೆ ಸಿದ್ಧನಾದೆ. “ನುಸಿ ಹತ್ತಿಬಿಟ್ಟಿತು, ವಹಿನೀ. ಟ್ರಂಕಿನಲ್ಲಿಯೇ…” ಎಂದು ಮರಾಠಿಯಲ್ಲಿ ಆರಂಭಿಸಿದೆ.

“ಸುಳ್ಳ ಹೇಳಬ್ಯಾಡ ತಮ್ಮಾ” ಎಂದಳು ಅಕ್ಕ. ಅನಂತರ, ಕಾಯಿಪಲ್ಲೆ ಕೊಳ್ಳುವಾಗ ಆಡುವ ಮರಾಠಿಯಲ್ಲಿಯೇ, ಬೀಗಿತ್ತಿಯ ಮುಖ ನೋಡಿ ಹೇಳಿದಳು: “ಮಾರಿದೆ. ಜರಿಯವನಿಗೆ.”

ಗಾದಿಯ ಮೇಲೆ ಯಾರೂ ಮಾತನಾಡಲಿಲ್ಲ. ಹುಡುಗಿ ತಾಯಿಯನ್ನು ನೋಡಿದಳು. ಭಾವನವರು ಛಾವಣಿಯ ಪಂಖೆಯನ್ನು ನೋಡಿದರು.

ಬೀಗಿತ್ತಿಯವರು ಸ್ವಲ್ಪ ತಡೆದು ಕೇಳಿದ್ದು ಹೀಗೆ: “ಎಷ್ಟು ಕೊಟ್ಟ?”

“ಎಂಟು ನೂರು ರೂಪಾಯಿ. ಒಂದು ಪರಾತ.”

“ಕಡಿಮೆಯಾಯಿತು!” ಎಂದು ಅವರು ಸಿಟ್ಟಿನಿಂದ ತೊಡೆ ತಟ್ಟಿಕೊಂಡರು. “ಧರ್ಮಾವರದ್ದೆಂದರೆ ಎಷ್ಟು ಜರಿ ಇರುತ್ತದೆ! ಮೋಸ ಮಾಡಿದ ಮೂಢ. ನೀವು ತೂಕ ಹಾಕಿಸಬೇಕಿತ್ತು.”

ನಾನು ಬೀಗಿತ್ತಿಯವರನ್ನು ಕುರಿತು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಅಂಜಿಕೆಯೆಲ್ಲ ಆ ಒಂದು ಮಾತಿನಿಂದ ಹೋಯಿತು. ಅಂಗಡಿಯ ಯಜಮಾನರೂ ಮಾತಿಗೆ ಬಂದರು. ನಿಜವಾದ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತೆಳು ತಗಡನ್ನು ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. ಈಗ ಬರುವುದರಲ್ಲಿ ಬಹಳಷ್ಟು ತಾಮ್ರದ್ದು, ಇಲ್ಲವೆ ಬರೀ ಹೊಳೆಯುವ ಪ್ಲಾಸ್ಟಿಕ್ಕಿನ ಪಟ್ಟಿ. ಅದನ್ನು ಸುಟ್ಟರೆ ಏನೂ ಸಿಗುವುದಿಲ್ಲ. “ಆ ಕಾಲದ ಸೀರೆಗಳು ಹೋದದ್ದು ಹೀಗೆಯೇ. ಒಳ್ಳೆಯ ಒಳ್ಳೆಯ ಮನೆಯವರು ತಂದು ಕೊಟ್ಟಿದ್ದಾರೆ, ಹೊರಗೆ ಹೇಳುವುದಿಲ್ಲ ಅಷ್ಟೆ” ಎಂದರು.

ಹುಡುಗಿ ಮೆಲ್ಲಗೆ ಕೇಳಿದಳು: “ಯಾಕ ಮಾರಿದಿ ಅವ್ವಾ? ರೇಶನ್ನಿಗೇನು?”

“ರೇಶನ್ ಹೆಂಗರ ನಡೀತಿತ್ತು. ನಿಮ್ಮ ಮಾಮಾಂದು ಪರೀಕ್ಷಾ ಫೀ ತುಂಬೂದಿತ್ತು. ಕಡೀ ವರ್ಷ. ನಾಳೆ ಆಖರೀ ದಿವಸ ಅಂದ್ರ ಇವತ್ತ ಹೇಳಿದ್ದ ಹುಚ್ಚಪ್ಪ.”

ಭಾವನವರ ಸೊಸೈಟಿಯ ಸಾಲವೆಂದು ನಾನು ಇಪ್ಪತ್ತೆಂಟು ವರ್ಷ ತಿಳಿದುಕೊಂಡಿದ್ದೆ. ಹಾಗೆಂದೇ ಅವರು ನನಗೆ ಹೇಳಿದ್ದರು. ಆ ಡಿಪ್ಲೊಮದ ಬಲದಿಂದ ನನಗೆ ನೌಕರಿಯಾಯಿತು, ಮನೆಯಾಯಿತು. ಮೊದಲ ಪಗಾರದಲ್ಲಿ ಭಾವನವರಿಗೆ ಒಂದು ಅಂಗಿಯ ಬಟ್ಟೆ ತಂದು ಕೊಟ್ಟು ಋಣ ತೀರಿತೆಂದುಕೊಂಡವನು ನಾನು. ಅಕ್ಕನಿಗೆ ಆಗ ಏನು ತಂದೆನೆಂದು ನೆನಪು ಮಾಡಿಕೊಂಡರೆ ಏನೂ ನೆನಪಾಗಲಿಲ್ಲ.

“ಹಂಗಾರ ಆ ಪರಾತ ನನಗ ಕೊಡು” ಎಂದಳು ಹುಡುಗಿ. ಅವಳ ಕಣ್ಣು ತುಂಬಿದ್ದುವು.

“ಛೊಲೋ ಆತು! ನಾ ರೊಟ್ಟಿ ಯಾತರಾಗ ಬಡೀಲಿ?” ಎಂದಳು ಅಕ್ಕ. “ನಿಮಗ ಹೊಸಾದು ಕೊಡಸ್ತೀನಿ.”

ಯಜಮಾನರು ಹಳದಿ ಸೀರೆಗಳನ್ನು ಹರಡಿಸಿದರು. ಒಂದು ‘ಇರಕಲ’ವನ್ನೂ ತೋರಿಸಿದರು. ನಮ್ಮ ಇಳಕಲ್ಲು ಇಲ್ಲಿಯವರ ಬಾಯಲ್ಲಿ ಇರಕಲವಾಗಿದೆ. ಹೆಸರು ತಪ್ಪಿದರೂ ಪ್ರೀತಿ ತಪ್ಪಿಲ್ಲ, ಪುಣೆಯ ಹಳೆಯ ಅಜ್ಜಿಯರು ಅದನ್ನು ಎಷ್ಟು ಉಟ್ಟಿದ್ದಾರೋ! ಬೀಗಿತ್ತಿಯವರ ಅಜ್ಜಿಯೂ ಉಡುತ್ತಿದ್ದರಂತೆ. ಅಕ್ಕ ಸೀರೆಯನ್ನು ಎಳೆದುಕೊಂಡು ಸೆರಗು ಮತ್ತು ಮೈ ಕೂಡುವ ಜಾಗದ ಮೇಲೆ ಬೆರಳಾಡಿಸಿ, “ಕೊಂಡಿ ಇಲ್ಲ ಇದಕ್ಕ. ಮಶೀನಿಂದು” ಎಂದಳು. ಯಜಮಾನರು ಒಪ್ಪಿಕೊಂಡು, “ನೀವು ಅಲ್ಲಿಯವರಾದರೆ ನನ್ನ ಕಡೆ ಯಾಕೆ ಕೊಳ್ಳುತ್ತೀರಿ? ಎರಡು ತಿಂಗಳಿದೆ. ಹೋಗಿ ಮಗ್ಗದ ಮೇಲೆ ಹಾಕಿಸಿರಿ” ಎಂದರು. ವ್ಯಾಪಾರಿಯ ಬಾಯಿಂದ ಇಂಥ ಮಾತು ಕೇಳುವುದು ದುರ್ಲಭ. ಇಪ್ಪತ್ತಾರು ಆಹೇರಿನ ಸೀರೆ ಆಗಲೇ ಗಂಟು ಕಟ್ಟಿದ್ದುವೆಂಬುದನ್ನೂ ಮರೆಯಬಾರದು.

ಮುಂದಿನ ವಾರ ನಾನು ಸೊಲ್ಲಾಪುರ, ವಿಜಯಪುರದ ಹಾದಿಯಿಂದ ಊರಿಗೆ ಹೋಗಿ, ಅಲ್ಲಿಂದ ಇಳಕಲ್ಲಿಗೆ ಹೋದೆ. ಮಗ್ಗದ ಮನೆಗಳ ಓಣಿಯಲ್ಲಿ ಲಾಳಿಯ ಸದ್ದು ಕೇಳುತ್ತಿದ್ದ ಕಡೆ ಹೊಕ್ಕೆ. ಸದ್ದು ಮೊದಲಿನಷ್ಟಿಲ್ಲ. ಯಂತ್ರದ ಮಗ್ಗದ ಸೀರೆ ಕೆಲವೇ ನೂರು ರೂಪಾಯಿಗೆ ಬಂದು, ಕುಣಿಮಗ್ಗಗಳು ಕಡಿಮೆಯಾಗಿವೆ. ಇದ್ದವರಲ್ಲಿ ಹೆಚ್ಚಿನವರು ವಯಸ್ಸಾದವರು. ನಾನು ಕಂಡ ನೇಕಾರರ ಕಾಲು ಎರಡೂ ಕುಣಿಯಲ್ಲಿ, ಕೈ ಮಗ್ಗದ ಮೇಲೆ, ಕಣ್ಣು ನನ್ನ ಮೇಲೆ.

ಹುಟ್ಟಿದಾಗಿನಿಂದ ಈ ಸೀರೆಯನ್ನು ಕಂಡವನಾದರೂ ಕೊಂಡಿಯೆಂದರೇನೆಂದು ನಾನು ಅಂದೇ ಸರಿಯಾಗಿ ತಿಳಿದದ್ದು. ಬೇರೆ ಸೀರೆಗಳಲ್ಲಿ ಹಾಸು ಒಂದೇ. ಉದ್ದಕ್ಕೆ ಹಾಸಿ, ಹತ್ತು ಹನ್ನೆರಡು ಸೀರೆ ಒಂದರ ಹಿಂದೊಂದು ನೇಯ್ದು ಕತ್ತರಿಸಬಹುದು. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ನೂಲಿನದಿದ್ದರೂ ಸೆರಗು ರೇಷ್ಮೆಯದು. ಈ ಎರಡು ಹಾಸುಗಳ ಎಳೆಎಳೆಯನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸಬೇಕು. ಇದೇ ಕೊಂಡಿ. ಆದುದರಿಂದ ಒಮ್ಮೆ ಹಾಸು ಹೂಡಿದರೆ ಒಂದೇ ಸೀರೆ. ಮತ್ತೊಂದಕ್ಕೆ ಮತ್ತೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ಜಗತ್ತಿನ ವ್ಯಾಪಾರವೆಲ್ಲ ಒಮ್ಮೆಗೆ ಹೆಚ್ಚು ಮಾಡುವುದು ಹೇಗೆಂದು ನೋಡುತ್ತಿರುವಾಗ, ಒಮ್ಮೆಗೆ ಒಂದೇ ಎಂದು ಕುಳಿತ ಸೀರೆಯಿದು.

ಸೆರಗು ಕೆಂಪು, ಕೆಂಪಿನ ಮೂರು ಪಟ್ಟಿ, ನಡುವೆ ಬಿಳಿಯ ಎರಡು. ಅದರ ಮೇಲೆ ಜೋಳದ ತೆನೆಯಂತೆ ಏಳುವ ‘ತೋಪ ತೆನಿ’, ಕೋಟೆಯ ತೆನೆಗಳಂಥ ‘ಕೋಟಿ ಕೊಮ್ಮಲಿ’, ಬಾಚಣಿಗೆಯ ಹಲ್ಲಿನಂಥ ‘ಹಣಿಗಿ’. ದಡಿಯಲ್ಲಿಯೂ ಚಿಕ್ಕಿ, ಗೋಮಿ, ಗಾಡಿ ಎಂದು ಬಗೆಗಳಿವೆ. ಕಸೂತಿ ಬೇಕೆಂದರೆ ಅದು ಮತ್ತೊಬ್ಬರ ಕೈಕೆಲಸ. ಗವಂತಿ, ಮುರಗಿ, ನೇಗಿ, ಮೆಂಥಿ ಎಂದು ನಾಲ್ಕು ಹೊಲಿಗೆ. ಗವಂತಿ ಮುರಗಿಗಳು ಹಿಂದೆ ಮುಂದೆ ಒಂದೇ ಬಗೆಯಾಗಿ ಕಾಣಬೇಕು, ಗಂಟು ಹಾಕುವಂತಿಲ್ಲ. ಪೈಠಣಿಯನ್ನು ಮಗುಚಿ ನೋಡಿದ ಬೀಗಿತ್ತಿಯವರು ಕಸೂತಿಯನ್ನೂ ಮಗುಚುವರೆಂದು ನಾನು ಎಚ್ಚರಿಕೆ ಕೊಟ್ಟೆ. “ಮಗಚಲಿ ಬಿಡ್ರಿ, ಅದಕ್ಕs ಮಾಡಿರೋದು” ಎಂದರು ನೇಕಾರರ ಮನೆಯ ಹಿರಿಯ ಹೆಂಗಸು.

ಅರಿಷಿಣದ ಮೈ, ಕೆಂಪು ಸೆರಗು, ಪೂರ್ತಿ ರೇಷ್ಮೆಯದೊಂದನ್ನು ಹೂಡಲು ಹೇಳಿದೆ. ಮುಂಗಡ ಕೊಟ್ಟ ಮೇಲೆ ಗೋಡೆಯ ಗೂಡಿನಲ್ಲಿ ಮಡಿಸಿಟ್ಟ ಇನ್ನೊಂದು ಸೀರೆ ಕಣ್ಣಿಗೆ ಬಿದ್ದಿತು. ಕುಂಕುಮವೂ ಅಲ್ಲದ, ದಾಳಿಂಬೆಯೂ ಅಲ್ಲದ ಒಂದು ಕೆಂಪು. ಅದಕ್ಕೆ ‘ಗಿರಿಕುಂಕುಮ’ವೆಂದು ಹೆಸರು, ಮಧುಮಗಳಿಗೆಂದು ನೇಯುವ ಬಣ್ಣ. ಯಾರೋ ಹೂಡಿಸಿ ಒಯ್ಯಲು ಬಂದಿರಲಿಲ್ಲ. ನಮ್ಮ ಅಪ್ಪ ಹುಬ್ಬಳ್ಳಿಗೆ ಹೋಗದೆ ಇಲ್ಲಿಗೇ ಬಂದಿದ್ದರೆ ಇದನ್ನೇ ತರುತ್ತಿದ್ದನೋ ಏನೋ. ಇದರಲ್ಲಿ ಬೆಳ್ಳಿಯ ಜರಿ ಇಲ್ಲದ ಕಾರಣ ಜರಿಯವನು ಮುಟ್ಟುತ್ತಿರಲಿಲ್ಲ. ಆಗ ನನ್ನ ಪರೀಕ್ಷೆಯ ಗತಿ ಏನಾಗುತ್ತಿತ್ತೋ ಅದನ್ನು ದೇವರೇ ಬಲ್ಲ. ಬೆಲೆ ಏಳು ಸಾವಿರದ ನಾನೂರು ಹೇಳಿದರು. ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ.

ಧನಕವಡಿಗೆ ಬಂದು ಅಕ್ಕನ ಮುಂದೆ ಇಟ್ಟಾಗ ಅವಳು ಮೊದಲು ಬೆಲೆ ಕೇಳಿದಳು. ಹೇಳಿದೆ.

“ಎಂಟನೂರಕ್ಕ ಬಡ್ಡಿ ಹಚ್ಚಿ ಕೊಡಾಕತ್ತೀಯೇನ?”

“ಹಂಗಂದ್ರ ಹಂಗs.”

“ಚಕ್ರಬಡ್ಡಿ ಆತಲ್ಲೋ. ಏಳು ಸಾವಿರಕ್ಕ ಕೊಟ್ಟನಂತ ಸುಮ್ಮನs ತೊಗೊಂಡು ಬಂದಿ? ಅಪ್ಪನ ಹಂಗs ನೀನೂ. ರೊಕ್ಕ ತಿರುಗಿ ತೊಗೊಂಡು ಹೋಗು.”

ನಾನು ಒಯ್ಯುವುದಿಲ್ಲವೆಂದೆ. ಅವಳು ಉಡುವುದಿಲ್ಲವೆಂದಳು. ಮೂರು ದಿನ ಸೀರೆ ಟೀವಿಯ ಮೇಲೆ ಕೂತಿತು. ನಾಲ್ಕನೆಯ ದಿನ ಬೀಗಿತ್ತಿಯವರು ಕುಂಕುಮ ಪತ್ರಿಕೆಯ ಕೆಲಸಕ್ಕೆಂದು ಸಾತಾರೆಯಿಂದ ಬಂದರು. ಸೀರೆ ಕಂಡರು, ಕಥೆ ಕೇಳಿದರು, ಸೆರಗು ಮಗುಚಿದರು, ಕೊಂಡಿಯ ಮೇಲೆ ಬೆರಳಾಡಿಸಿದರು. ಆ ಮೇಲೆ ಶಾಲೆಯ ಮಕ್ಕಳಿಗೆ ಲೆಕ್ಕ ಬಿಡಿಸುವ ದನಿಯಲ್ಲಿ ಹೇಳಿದರು: “ಅಕ್ಷತೆಯ ಹೊತ್ತಿಗೆ ಇದನ್ನು ನೀವು ಉಡಿರಿ, ವಹಿನೀ. ಸಂಜೆಗೆ ಹುಡುಗಿ ಉಡಲಿ. ತಾಯಿ ಲಗ್ನದಲ್ಲಿ ಉಟ್ಟ ಸೀರೆಯೇ ಆಯಿತಲ್ಲ? ಯಾರ ಲಗ್ನದಲ್ಲಿ ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ?”

ಸಂಜೆಗೆಂದು ಭಾವನವರು ಮನಸ್ಸಿನಲ್ಲಿ ಒಂದು ಮೈಸೂರು ರೇಷ್ಮೆಯನ್ನು ಗೊತ್ತು ಮಾಡಿಕೊಂಡಿದ್ದರು. 1912ರಲ್ಲಿ ಮಹಾರಾಜರ ಕಾಲಕ್ಕೆ ಆರಂಭವಾದ ಕಾರಖಾನೆಯದು, ಮಡಿಕೆ ಬೀಳದ ಬಟ್ಟೆ ಎಂದೆಲ್ಲ ಅದರ ಗುಣಗಾನ ಮಾಡಿದ್ದರು. ಅವರು ಈಗ ಸುಮ್ಮನಾದರು. ಅಕ್ಕ ಉತ್ತರ ಕೊಡಲಿಲ್ಲ; ಒಳಗೆ ಹೋಗಿ ಪರಾತ ತೆಗೆದು, ಎಲ್ಲರೂ ಊಟಕ್ಕೆ ನಿಲ್ಲಬೇಕೆಂದು ಹೇಳಿ, ಹಿಟ್ಟಿಗೆ ಬಿಸಿನೀರು ಹಾಕಿದಳು. ನಾದುತ್ತ ನಾದುತ್ತ ಹುಡುಗಿಯನ್ನು ಕೂಗಿದಳು: “ಬಾಲಾಜಿನಗರದಾಗ ಫಾಲ್ ಹಚ್ಚಾಕಿ ಅದಾಳಲ್ಲ, ಆಕೀಗೆ ಫೋನ್ ಮಾಡು. ಎರಡು ಸೀರಿ ಅದಾವು ಅನ್ನು, ಹಳದೀದು ಇನ್ನಾ ಬರೋದೈತಿ ಅನ್ನು. ಕೆಂಪಂದು ಬುಧವಾರಕ್ಕs ಬೇಕು. ಕುಪ್ಪಸದ ಅಳತಿ ಇಬ್ಬರದೂ ಬ್ಯಾರೆ ಬ್ಯಾರೆ ಹೇಳು.”